ಎರೆ ಮಣ್ಣಿನ ಅಂಗಳಕ್ಕೆ ಕೋನಿಫರ್ ಆರಿಸುವುದು: ವಿಜಯಪುರದ ಒಂದು ಮನೆಯ ಪ್ರಕರಣ

ಮನೆ ಇರುವುದು ವಿಜಯಪುರದಲ್ಲಿ, ಸೋಲಾಪುರ ರಸ್ತೆಯ ಕಡೆಗೆ, ಹಿಂದೆ ಬಿಳಿಜೋಳ ಬೆಳೆಯುತ್ತಿದ್ದ ಎರೆ ಹೊಲ ಬಡಾವಣೆಯಾದ ಜಾಗದಲ್ಲಿ. ನಿವೇಶನ 40×60 ಅಡಿ, ಪೂರ್ವಕ್ಕೆ ಬಾಗಿಲು. ಕಟ್ಟಡ ಬಿಟ್ಟು ಉಳಿದದ್ದು ಮುಂದೆ 15 ಅಡಿಯ ಅಂಗಳ, ಹಿಂದೆ 13 ಅಡಿಯ ಪಟ್ಟಿ, ದಕ್ಷಿಣಕ್ಕೆ 8 ಅಡಿಯ ಓಣಿ. ಮುಂದಿನ ಕಂಪೌಂಡಿಗೆ ಹೊಂದಿಕೊಂಡೇ ರಸ್ತೆ. ರಸ್ತೆಯ ಅಂಚಿನಲ್ಲಿ ಸುಮಾರು 20 ಅಡಿ ಎತ್ತರದಲ್ಲಿ ವಿದ್ಯುತ್ ತಂತಿ.

ಮನೆಯವರು ಜೂನ್‌ನಲ್ಲಿ ಮುಂದಿನ ಅಂಗಳಕ್ಕೆ ಆರು ಕೋನಿಫರ್, ಅಂದರೆ ಹೂವಿನ ಬದಲು ಶಂಕು ಬಿಡುವ, ಸೂಜಿ ಇಲ್ಲವೆ ಹುರುಪೆಯಂಥ ಎಲೆಯ ಗಿಡ, ತಂದು ನೆಟ್ಟಿದ್ದರು. ಗೇಟಿನ ಎರಡೂ ಬದಿಗೆ ಹೊಂಬಣ್ಣದ, ತಿಕ್ಕಿದರೆ ನಿಂಬೆ ವಾಸನೆ ಬರುವ ಗೋಲ್ಡ್‌ಕ್ರೆಸ್ಟ್. ಕಂಪೌಂಡಿನ ಗುಂಟ ನಾಲ್ಕು ಥೂಜಾ, ಅಂದರೆ ನರ್ಸರಿಯವರು ಮೋರಪಂಖಿ ಎಂದು ಮಾರುವ ಗಿಡ. ಎಲ್ಲಕ್ಕೂ ಒಂದೇ ರೀತಿಯ ಗುಂಡಿ: 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ, ಒಳಗೆ ಅರ್ಧ ಕೆಂಪು ಮಸಾರಿ ಮಣ್ಣು, ಅರ್ಧ ತಿಪ್ಪೆ ಗೊಬ್ಬರ. ಡಿಸೆಂಬರ್ ಹೊತ್ತಿಗೆ ಎರಡೂ ಗೋಲ್ಡ್‌ಕ್ರೆಸ್ಟ್ ಒಣಗಿದವು. ಫೆಬ್ರುವರಿಯಲ್ಲಿ ಆಗ್ನೇಯ ಮೂಲೆಯ ಥೂಜಾ ಬೂದು ಹಸಿರಿಗೆ ತಿರುಗಿ ಕಂದಾಯಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಮಾಲಿ ಹೇಳಿದ್ದು, "ಬಿಸಿಲ ಝಳಕ್ಕ ಸುಟ್ಟಾವ್ರಿ ಸರ, ಇನ್ನಷ್ಟು ನೀರ ಬಿಡೋಣ್ರಿ." ದಿನಕ್ಕೆ ಒಂದು ಕೊಡದ ಬದಲು ಎರಡು ಕೊಡ ಸುರಿದರು. ಏಪ್ರಿಲ್ ಮುಗಿಯುವಾಗ ಉಳಿದದ್ದು ಒಂದೇ ಥೂಜಾ, ಉತ್ತರ ತುದಿಯಲ್ಲಿ, ಕಾರು ಹತ್ತುವ ಇಳಿಜಾರಿನ ಪಕ್ಕದ್ದು.

ಆ ಒಂದು ಗಿಡದಿಂದಲೇ ಪ್ರಕರಣ ಬಿಚ್ಚಿಕೊಂಡಿತು. ಅದೂ ಅದೇ ನರ್ಸರಿಯದು, ಅದೇ ವಯಸ್ಸಿನದು. ಅದಕ್ಕೂ ಅದೇ ನೀರು, ಅದೇ ಬಿಸಿಲು. ಪೂರ್ವದ ಅಂಗಳವಾದ್ದರಿಂದ ಮಧ್ಯಾಹ್ನ ಒಂದೂವರೆಯ ಮೇಲೆ ಮನೆಯ ನೆರಳು ಎಲ್ಲ ಗಿಡಗಳ ಮೇಲೂ ಬೀಳುತ್ತಿತ್ತು. ಬಿಸಿಲೇ ಕೊಂದಿದ್ದರೆ ಅದೂ ಹೋಗಬೇಕಿತ್ತು. ವ್ಯತ್ಯಾಸ ಇದ್ದದ್ದು ಕಾಲಡಿಯಲ್ಲಿ: ಇಳಿಜಾರು ಕಟ್ಟುವಾಗ ಉಳಿದ ಗರಸು ಅಲ್ಲಿ ಒಂದಡಿಗೂ ಹೆಚ್ಚು ದಪ್ಪಕ್ಕೆ ಬಿದ್ದಿತ್ತು.

ಬೇರು ಹೇಳಿದ್ದು

ಸತ್ತ ಗಿಡವನ್ನು ಕಿತ್ತೆಸೆಯುವ ಮೊದಲು ನೋಡಬೇಕಾದದ್ದು ಬೇರು. ಆಗ್ನೇಯ ಮೂಲೆಯ ಥೂಜಾವನ್ನು ಸಲಿಕೆಯಿಂದ ಸುತ್ತ ಬಿಡಿಸಿ ಎತ್ತಿದಾಗ ಹೊಸ ಬೇರು ಒಂದೂ ಗುಂಡಿಯ ಗೋಡೆ ದಾಟಿರಲಿಲ್ಲ. ಸಣ್ಣ ಬೇರುಗಳನ್ನು ಬೆರಳಲ್ಲಿ ಹಿಡಿದು ಎಳೆದರೆ ಕಂದು ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ದಾರದಂಥ ನಡುಭಾಗ ಮಾತ್ರ ಉಳಿಯಿತು. ಗುಂಡಿಯ ತಳದ ಮಣ್ಣು ನೀಲಿ ಬೂದು ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಗಾಳಿಯಿಲ್ಲದೆ ಬೇರು ಉಸಿರು ಕಟ್ಟಿದ್ದಕ್ಕೆ, ಅದರ ಬೆನ್ನಿಗೆ ಬರುವ ಫೈಟಾಫ್ತೊರಾ ಬೇರುಕೊಳೆಗೆ ಇವೇ ಗುರುತು.

ಎರೆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರ ನಡುವೆ ಗುಂಡಿ ತೋಡಿ ಸಡಿಲವಾದ ಕೆಂಪು ಮಣ್ಣು ತುಂಬಿದರೆ ಆ ಗುಂಡಿ ಒಂದು ನೀರಿನ ತೊಟ್ಟಿ. ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಗುಂಡಿ ದೊಡ್ಡದು ಮಾಡಿದಷ್ಟೂ ತೊಟ್ಟಿ ದೊಡ್ಡದು. ಬೆಳಗಾವಿಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಇದೇ ಗುಂಡಿ, ಇದೇ ಗಿಡ ಚೆನ್ನಾಗಿ ಬರುತ್ತದೆ. ಅಲ್ಲಿ ಮಳೆ ಇಲ್ಲಿಗಿಂತ ಎರಡು ಪಟ್ಟು. ಆದರೂ ನೀರು ನಿಲ್ಲದೆ ಇಳಿದುಹೋಗುತ್ತದೆ.

ಸತ್ತ ಕ್ರಮಕ್ಕೂ ಕಾರಣ ಸಿಕ್ಕಿತು. ಮನೆಯ ಮಾಳಿಗೆ ಸುಮಾರು 900 ಚದರ ಅಡಿ, ಅಂದರೆ 83 ಚದರ ಮೀಟರ್. 50 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವ ನೀರು 4,000 ಲೀಟರಿಗೂ ಹೆಚ್ಚು. ಅದರಲ್ಲಿ ಅರ್ಧ ಇಳಿಯುವ ಪೈಪು ಆಗ್ನೇಯ ಮೂಲೆಯಲ್ಲಿ ಬಾಯಿ ತೆರೆದಿತ್ತು. ವಿಜಯಪುರದಲ್ಲಿ ವರ್ಷದ ಮಳೆ 550ರಿಂದ 600 ಮಿಲಿಮೀಟರ್ ಆಸುಪಾಸು. ಅದರ ದೊಡ್ಡ ಪಾಲು ಸೆಪ್ಟೆಂಬರಿನಿಂದ ಅಕ್ಟೋಬರ್ ಮೊದಲವರೆಗೆ, ಉತ್ತರಿ ಮತ್ತು ಹಸ್ತ ಮಳೆಗಳಲ್ಲಿ ಸುರಿಯುತ್ತದೆ. ಗಿಡಗಳು ಸತ್ತದ್ದು ಆಗ. ಕಂಡದ್ದು ಫೆಬ್ರುವರಿಯಲ್ಲಿ.

ಕೋನಿಫರ್ ಬೆಳೆಸುವವರು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಇದೇ. ದಾಸವಾಳದ ಬೇರು ಕೊಳೆತರೆ ನಾಲ್ಕು ದಿನದಲ್ಲಿ ಎಲೆ ಜೋಲುತ್ತದೆ. ಥೂಜಾ, ಜೂನಿಪರ್, ಸೈಪ್ರಸ್‌ಗಳ ಎಲೆ ಹುರುಪೆಯಷ್ಟು ಸಣ್ಣದು, ಮೇಣ ಸವರಿದ್ದು, ನೀರು ಬಿಡುವುದು ತೀರ ನಿಧಾನ. ಬೇರು ಹೋದ ಮೇಲೂ ವಾರಗಟ್ಟಲೆ, ಚಳಿಗಾಲವಾದರೆ ತಿಂಗಳುಗಟ್ಟಲೆ ಅವು ಹಸಿರಾಗಿಯೇ ಇರುತ್ತವೆ. ಬಿಸಿಲು ಏರಿದ ಕೂಡಲೇ ಸುಳ್ಳು ಹಸಿರು ಕಳಚುತ್ತದೆ. ನೋಡಿದವರು ಬಿಸಿಲನ್ನು ದೂರುತ್ತಾರೆ, ನೀರು ಹೆಚ್ಚು ಮಾಡುತ್ತಾರೆ, ಅರ್ಧ ಬದುಕಿದ್ದ ಗಿಡವೂ ಹೋಗುತ್ತದೆ. ಅನುಮಾನ ಬಂದಾಗ ಉಗುರಿನಿಂದ ಕಾಂಡದ ಬುಡದ ಸಿಪ್ಪೆ ಕೆರೆದು ನೋಡಬೇಕು. ಒಳಗೆ ಹಸಿ ಹಸಿರಿದ್ದರೆ ಆಸೆ ಇದೆ. ಕಂದಾಗಿದ್ದರೆ ಮೇಲಿನ ಎಲೆ ಎಷ್ಟೇ ಹಸಿರಿದ್ದರೂ ಗಿಡ ಇಲ್ಲ.

ಎಲ್ಲ ಕಂದೂ ಬೇರಿನ ಕಂದಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪೊದೆಯ ಒಳಭಾಗದ ಹಳೆ ಎಲೆ ಹಳದಿಯಾಗಿ ಉದುರುವುದು ಸಹಜ, ಅದಕ್ಕೆ ಏನೂ ಮಾಡಬೇಕಿಲ್ಲ. ಫೆಬ್ರುವರಿಯಿಂದ ಮೇವರೆಗೆ ಬಿಸಿ ತಾಗುವ ಬದಿಯ ಎಲೆ ಧೂಳು ಹಿಡಿದಂತೆ ಮಂಕಾಗಿ, ಹತ್ತಿರದಿಂದ ನೋಡಿದರೆ ಚುಕ್ಕಿ ಚುಕ್ಕಿಯಾಗಿದ್ದರೆ ಕೆಂಪು ನುಸಿ. ಒಂದೇ ಕೊಂಬೆ ಬುಡದಿಂದ ತುದಿಯವರೆಗೆ ಕಂದಾಗಿ ಅದರ ಸಿಪ್ಪೆ ಸೀಳಿ ಅಂಟು ಒಸರಿದ್ದರೆ ಕಾಂಡದ ಹುಣ್ಣು. ಆ ಕೊಂಬೆಯನ್ನು ಆರೋಗ್ಯದ ಭಾಗದವರೆಗೆ ಕತ್ತರಿಸಿ ಸುಡಬೇಕು. ಇಡೀ ಗಿಡ ಒಟ್ಟಿಗೆ ಹೊಳಪು ಕಳೆದುಕೊಂಡು ಬೂದು ಹಸಿರಾದರೆ ಮಾತ್ರ ಬೇರಿಗೆ ಹೋಗಬೇಕು.

ನೀರು ಇಂಗುವ ಪರೀಕ್ಷೆಯನ್ನು ಜೂನ್ ಕೊನೆಗೆ, ಮೃಗಶಿರ ಮಳೆ ಹಿಡಿದ ಮೇಲೆ ಮಾಡಿದರು. ಬೇಸಿಗೆಯಲ್ಲಿ ಮಾಡಿದರೆ ಎರೆ ನೆಲ ಸುಳ್ಳು ಹೇಳುತ್ತದೆ. ಕೈ ಇಳಿಯುವಷ್ಟು ಬಿರುಕುಗಳಲ್ಲಿ ನೀರು ಗಟಗಟ ಇಳಿದು, ನೆಲ ಬಹಳ ಚೆನ್ನಾಗಿ ಬಸಿಯುತ್ತದೆ ಅನ್ನಿಸುತ್ತದೆ. ವಿಧಾನ ಸರಳ: ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಗೆ ಸಂಜೆ ನೀರು ತುಂಬಿ ಬಿಡುವುದು, ಬೆಳಿಗ್ಗೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ತಾಸಿಗೊಮ್ಮೆ ಗುರುತು ಹಾಕುವುದು. ತಾಸಿಗೆ ಒಂದು ಇಂಚಾದರೂ ಇಳಿಯದ ನೆಲದಲ್ಲಿ ಕೋನಿಫರಿಗೆ ಗುಂಡಿ ತೋಡಬಾರದು. ಇಲ್ಲಿ ನಾಲ್ಕು ತಾಸಿನಲ್ಲಿ ಇಳಿದದ್ದು ಒಂದು ಇಂಚಿಗೂ ಕಡಿಮೆ. ಕಾರಿನ ಇಳಿಜಾರಿನ ಪಕ್ಕ ತಾಸಿಗೆ ಒಂದೂವರೆ ಇಂಚು.

ಸುಣ್ಣ ಮತ್ತು ಕೊಳವೆಬಾವಿ

ಮಣ್ಣಿನ ರಸಸಾರ (ಪಿ.ಎಚ್.) 8.4 ಬಂತು. ಒಣ ಮಣ್ಣಿನ ಹೆಂಟೆಯ ಮೇಲೆ ವಿನೆಗರ್ ಹನಿಸಿದರೆ ಬುಸಬುಸ ನೊರೆ ಬಂದಿತು, ಅಂದರೆ ಮಣ್ಣಿನಲ್ಲಿ ಬಿಡಿ ಸುಣ್ಣ ಇದೆ. ಕೊಳವೆಬಾವಿ ನೀರಿನ ಉಪ್ಪು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 1.4 ಡೆಸಿಸೀಮನ್ಸ್, ಮಣ್ಣಿಗೆ ಸೋಡಿಯಂ ಕೂರುವ ಅಪಾಯ ತೋರಿಸುವ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 1.9 ಮಿಲಿ ಈಕ್ವಿವಲೆಂಟ್. ಮೊದಲನೆಯದು 0.75 ದಾಟಿದರೆ ಉಪ್ಪಿನ ಮಟ್ಟ ಹೆಚ್ಚು, ಎರಡನೆಯದು 1.25ರೊಳಗೆ ಇದ್ದರೆ ನಿಶ್ಚಿಂತೆ, 2.5 ದಾಟಿದರೆ ಬಳಸಬಾರದು, ನಡುವೆ ಇದ್ದರೆ ಎಚ್ಚರ ಬೇಕು. ಮಣ್ಣು, ನೀರು ಎರಡನ್ನೂ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಪರೀಕ್ಷಿಸಿಕೊಳ್ಳುವುದು ಗಿಡ ಕೊಳ್ಳುವ ಮೊದಲಿನ ಕೆಲಸ.

ಇಂಥ ವರದಿ ಕಂಡ ಕೂಡಲೇ "ಗಂಧಕ ಹಾಕಿ ಹುಳಿ ಮಾಡಿ" ಎನ್ನುವ ಸಲಹೆ ಬರುತ್ತದೆ. ಲೆಕ್ಕ ಹಾಕಿ ನೋಡಿ. ಮೇಲಿನ 15 ಸೆಂಟಿಮೀಟರ್ ಮಣ್ಣು ಒಂದು ಚದರ ಮೀಟರಿಗೆ ಸುಮಾರು 195 ಕಿಲೊ. ಅದರಲ್ಲಿ ಸುಣ್ಣ ಶೇಕಡಾ 1 ಇದ್ದರೆ ಸುಮಾರು 2 ಕಿಲೊ. ಅದನ್ನು ಕರಗಿಸಲು ಬೇಕಾಗುವ ಗಂಧಕ 600 ಗ್ರಾಂ. ಸುಣ್ಣ ಶೇಕಡಾ 8 ಇದ್ದರೆ ಚದರ ಮೀಟರಿಗೆ 5 ಕಿಲೊ ಗಂಧಕ, ಅದೂ ಮೇಲಿನ ಅರ್ಧ ಅಡಿಗೆ ಮಾತ್ರ, ಆಮೇಲೆ ಮತ್ತೆ ಸುಣ್ಣದ ನೀರು. ಈ ಊರಿನಲ್ಲಿ ಮಣ್ಣು ಬದಲಿಸುವ ಹಟ ಬಿಟ್ಟು ಸುಣ್ಣ ಸಹಿಸುವ ಗಿಡ ಆರಿಸುವುದೇ ದಾರಿ. ಜಿಪ್ಸಮ್ ಕೂಡ ಎಲ್ಲಕ್ಕೂ ಮದ್ದಲ್ಲ. ಮಣ್ಣಿನಲ್ಲಿ ಸೋಡಿಯಂ ಕೂತು ಜವಳಾದ ಕಡೆ ಅದು ಕೆಲಸ ಮಾಡುತ್ತದೆ, ಬರೀ ಸುಣ್ಣ ಇದ್ದ ಕಡೆ ಮಾಡುವುದಿಲ್ಲ. ಎರೆ ಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸುವುದಂತೂ ಬೇಡ. ಒಣಗಿದಾಗ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಪಟ್ಟಿಯಲ್ಲಿ ಉಳಿದದ್ದು, ಹೋದದ್ದು

ಮನೆಯವರ ಆಸೆ ಸ್ಪಷ್ಟವಾಗಿತ್ತು: ಗೇಟಿಗೆ ಎರಡು ಎತ್ತರದ ಕಂಬ, ರಸ್ತೆಯ ಧೂಳಿಗೆ ಹಸಿರು ಗೋಡೆ, ವರಾಂಡದ ಎದುರು ತಗ್ಗಿನ ದುಂಡು ಗಿಡಗಳು, ಮಕ್ಕಳಿಗಾಗಿ ಒಂದು ಕ್ರಿಸ್‌ಮಸ್ ಟ್ರೀ.

ಗೋಲ್ಡ್‌ಕ್ರೆಸ್ಟ್ ಮೊದಲೇ ಹೊರಬಿತ್ತು. ಅದು ಕ್ಯುಪ್ರೆಸಸ್ ಮ್ಯಾಕ್ರೊಕಾರ್ಪಾ ಜಾತಿಯ ತಳಿ. ಮೂಲ ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲತೀರ, ಬೇಸಿಗೆಯಲ್ಲೂ ಮಂಜು ಕವಿದು ತಂಪಾಗಿರುವ ಜಾಗ. ಊಟಿಯಲ್ಲಿ ಅದಕ್ಕೆ ಮನೆಯ ಹವೆ ಸಿಗುತ್ತದೆ. ಮೇ ತಿಂಗಳ 40 ಡಿಗ್ರಿಯ ವಿಜಯಪುರದಲ್ಲಿ ಏರುಮಡಿ ಕಟ್ಟಿದರೂ ಅದು ನಿಲ್ಲುವುದಿಲ್ಲ. ನರ್ಸರಿಯಲ್ಲಿ ಅದರಷ್ಟು ಕಣ್ಣು ಸೆಳೆಯುವ ಕೋನಿಫರ್ ಇನ್ನೊಂದಿಲ್ಲ, ಅದಕ್ಕೇ ಇಷ್ಟು ಮನೆಗಳಲ್ಲಿ ಸಾಯುತ್ತದೆ.

ಕ್ರಿಸ್‌ಮಸ್ ಟ್ರೀ ಎಂದು ಮಾರುವುದು ಅರಾಕೇರಿಯಾ. ಒಂದೇ ಹೆಸರಿನಲ್ಲಿ ಎರಡು ಜಾತಿ ಸುಳಿಯುತ್ತವೆ: ನಾರ್ಫಾಕ್ ದ್ವೀಪದ ಹೆಟೆರೊಫಿಲ್ಲಾ, ನ್ಯೂ ಕ್ಯಾಲೆಡೋನಿಯಾದ ಕಾಲಮ್ನಾರಿಸ್. ಸಸಿಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಬೆಳೆದ ಮೇಲೆ ಎರಡನೆಯದು ಕಂಬದಂತೆ ಕಿರಿದಾಗುತ್ತದೆ. ಅದು ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ ಎಂಬುದನ್ನು ಹಲವು ದೇಶಗಳ ಮರಗಳನ್ನು ಅಳೆದು 2017ರಲ್ಲಿ ತೋರಿಸಿದ್ದಾರೆ. ಸರಾಸರಿ ವಾಲು 8 ಡಿಗ್ರಿಗೂ ಹೆಚ್ಚು. ನಮ್ಮಲ್ಲಿ ವಾಲುವುದು ದಕ್ಷಿಣಕ್ಕೆ, ಅಂದರೆ ಈ ನಿವೇಶನದಲ್ಲಿ ಪಕ್ಕದ ಮನೆಯ ಕಡೆಗೆ. ಎರಡೂ ಜಾತಿಗಳು ನೆಲದಲ್ಲಿ 60 ಅಡಿ ದಾಟುವ ಮರಗಳು. ಎತ್ತರವಾಯಿತೆಂದು ತುದಿ ಕತ್ತರಿಸಿದರೆ ಆ ಅಂತಸ್ತು ಅಂತಸ್ತಿನ ರೂಪ ಕೆಟ್ಟು ಮತ್ತೆ ಸರಿಹೋಗುವುದಿಲ್ಲ. ಹಾಗಾಗಿ ನೆಲಕ್ಕೆ ಬೇಡ, 20 ಇಂಚಿನ ಕುಂಡದಲ್ಲಿ ಇರಲಿ ಎಂದಾಯಿತು. ಕೊಳ್ಳುವಾಗ ನೋಡಬೇಕಾದದ್ದು ನೇರ ಸುಳಿ. ಬದಿಯ ಕೊಂಬೆಯ ಕಡ್ಡಿಯಿಂದ ಮಾಡಿದ ಅರಾಕೇರಿಯಾ ಎಷ್ಟು ವರ್ಷವಾದರೂ ಅಡ್ಡಡ್ಡವೇ ಬೆಳೆಯುತ್ತದೆ, ಕೋಲು ಕಟ್ಟಿ ನಿಲ್ಲಿಸಿದರೂ ಸುಳಿ ಏಳುವುದಿಲ್ಲ. ಬೀಜದ ಸಸಿಯೇ ಬೇಕು.

ಗೇಟಿನ ಕಂಬಗಳಿಗೆ ನರ್ಸರಿಯವರು ತೋರಿಸಿದ್ದು ಇಟಾಲಿಯನ್ ಸೈಪ್ರಸ್, ಆಗ್ರಾದ ತಾಜ್‌ಮಹಲಿನ ಕಾಲುವೆಯ ಗುಂಟ ಇರುವ ಬಗೆಯದು. ಸುಣ್ಣದ ನೆಲ, ಬಿಸಿಲು, ಬರ ಮೂರನ್ನೂ ಸಹಿಸುವ ಮರ. ಮಣ್ಣಿನ ದೃಷ್ಟಿಯಿಂದ ಇದರಷ್ಟು ಒಪ್ಪುವ ಎತ್ತರದ ಕೋನಿಫರ್ ಇಲ್ಲಿಗೆ ಬೇರೆ ಇಲ್ಲ. ಆದರೆ 30 ಅಡಿ ದಾಟುವ ಮರವನ್ನು 20 ಅಡಿ ಎತ್ತರದ ತಂತಿಯ ಪಕ್ಕ ನೆಟ್ಟರೆ ಕೆಲವೇ ವರ್ಷಗಳಲ್ಲಿ ಲೈನ್‌ಮನ್ ಬಂದು ತಲೆ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಗೇಟಿಗೆ ಚೈನೀಸ್ ಜೂನಿಪರಿನ ಕಿರಿದಾದ ತಳಿ ಎರಡು: ಎತ್ತರ 10ರಿಂದ 15 ಅಡಿ, ಸುಣ್ಣಕ್ಕೆ ಬಗ್ಗುವುದಿಲ್ಲ, ದಿನಕ್ಕೆ ಆರು ತಾಸಿನ ಬಿಸಿಲು ಸಾಕು. ಸೈಪ್ರಸ್ ಒಂದೇ ಒಂದು, ಹಿಂದಿನ ನೈರುತ್ಯ ಮೂಲೆಯಲ್ಲಿ, ಮನೆಗೋಡೆಯಿಂದ 7 ಅಡಿ, ಕಂಪೌಂಡಿನಿಂದ 6 ಅಡಿ ಬಿಟ್ಟು. ಮನೆಯ ಕಾಲಮ್ಮುಗಳು ಗರಸಿನ ಪದರದವರೆಗೆ ಇಳಿದಿದ್ದವು. ಕಂಪೌಂಡ್ ಮಾತ್ರ ಎರೆಯ ಮೇಲೇ ಕೂತಿತ್ತು. ಬೇರು ಎರೆಯ ತೇವ ಹೀರಿದರೆ ಮಣ್ಣು ಕುಗ್ಗಿ ಅಂಥ ಗೋಡೆ ಸೀಳುತ್ತದೆ, ಅದಕ್ಕೇ ಆ ಅಂತರ. ಸೈಪ್ರಸ್ ಬೀಜದ ಸಸಿಗಳಲ್ಲಿ ಕೆಲವು ಬೆಳೆಯುತ್ತ ಅಗಲವಾಗುತ್ತವೆ. ಕಡ್ಡಿ ಅಥವಾ ಕಸಿಯಿಂದ ಮಾಡಿದ ಕಿರಿದಾದ ತಳಿ ಕೇಳಿ ತರಬೇಕು.

ಹಸಿರು ಗೋಡೆಗೆ ಥೂಜಾ ಬೇಡವೆಂದದ್ದು ಮನೆಯವರಿಗೆ ಒಪ್ಪಿಗೆಯಾಗಲು ಸಮಯ ಹಿಡಿಯಿತು. ಥೂಜಾ, ಅಂದರೆ ಪ್ಲ್ಯಾಟಿಕ್ಲಾಡಸ್ ಓರಿಯೆಂಟಾಲಿಸ್, ಸುಣ್ಣಕ್ಕೂ ಬಿಸಿಗೂ ಜಗ್ಗದ ಗಿಡವೇ. ಆದರೆ ಎಲೆಯಿಲ್ಲದ ಹಳೆ ಕಟ್ಟಿಗೆಯಿಂದ ಅದು ಮತ್ತೆ ಚಿಗುರುವುದಿಲ್ಲ. ಬೇಲಿಯಲ್ಲಿ ಒಂದು ಗಿಡ ಸತ್ತರೆ ಆ ಕಿಂಡಿ ತುಂಬಲು ಅಕ್ಕಪಕ್ಕದವು ಬರುವುದಿಲ್ಲ, ಹೊಸ ಸಸಿ ನೆರಳಲ್ಲಿ ಏಳುವುದಿಲ್ಲ. ಧೂಳು ಹಿಡಿದ ಬೇಲಿಯಲ್ಲಿ ನುಸಿಯೂ ಹೆಚ್ಚು. ಧೂಳು ತಡೆಯಲು ಮದರಂಗಿಯ ಬೇಲಿ ಎಷ್ಟೋ ಮೇಲು: ಒಂದೂವರೆ ಅಡಿಗೆ ಒಂದರಂತೆ ನೆಟ್ಟರೆ ಎರಡು ವರ್ಷಕ್ಕೆ ಕೂಡಿಕೊಳ್ಳುತ್ತದೆ, ಎರೆ ಮಣ್ಣು ಸವಳು ನೀರು ಎರಡಕ್ಕೂ ಸೈ, ಎಷ್ಟು ಕತ್ತರಿಸಿದರೂ ಚಿಗುರುತ್ತದೆ. ಕೋನಿಫರ್ ತೋಟದಲ್ಲಿ ಎಲ್ಲವೂ ಕೋನಿಫರೇ ಆಗಬೇಕೆಂಬ ನಿಯಮವೇನೂ ಇಲ್ಲ. ಥೂಜಾಕ್ಕೆ ಸಿಕ್ಕಿದ್ದು ವರಾಂಡದ ಎದುರಿನ ಮಡಿ, ಹೊಂಬಣ್ಣದ ಗಿಡ್ಡ ತಳಿ ಮೂರು.

ಪೋಡೋಕಾರ್ಪಸ್ ಕತ್ತರಿಗೆ ಚೆನ್ನಾಗಿ ಬಗ್ಗುವ ಗಿಡ, ಆದರೆ ಈ ಸುಣ್ಣದಲ್ಲಿ ಕಬ್ಬಿಣ ಸಿಗದೆ ಹಳದಿಯಾಗುತ್ತದೆ. ಪಶ್ಚಿಮ ಘಟ್ಟಕ್ಕೆ ಸ್ಥಳೀಯವಾದ ಒಂದೇ ಕೋನಿಫರ್ ನಗೇಯಾ ವಾಲಿಚಿಯಾನಾ ಮಳೆಕಾಡಿನದು, ಇಲ್ಲಿಗೆ ಅದರ ಮಾತೇ ಬೇಡ. ಪೈನ್ ಬೇಡ. ಸರ್ವೆ ಮರ ಸೂಜಿಯೆಲೆಯಂತೆ ಕಂಡರೂ ಹೂಬಿಡುವ ಸಸ್ಯ, ಕೋನಿಫರ್ ಅಲ್ಲ; ಈ ಅಳತೆಯ ಅಂಗಳಕ್ಕೆ ಅದು ಬಲು ದೊಡ್ಡದು.

ನೆಲದ ಮೇಲೆ ನೆಡುವುದು

ಗುಂಡಿಯ ಯೋಚನೆ ಬಿಟ್ಟು ಮಡಿ ಏರಿಸಿದರು. ವರಾಂಡದ ಎದುರಿನ ಮಡಿ 12 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮೊದಲು ಪೈಪಿನ ಬಾಯಿಗೆ ಮೊಣಕೈ ಜೋಡಿಸಿ ನೀರನ್ನು ದಕ್ಷಿಣದ ಓಣಿಯ ತೊಟ್ಟಿಗೆ ತಿರುಗಿಸಲಾಯಿತು. ಇದಾಗದೆ ಉಳಿದ ಯಾವ ಕೆಲಸಕ್ಕೂ ಅರ್ಥವಿಲ್ಲ. ಆಮೇಲೆ ಎರೆ ನೆಲ ಹದಕ್ಕೆ ಬಂದಾಗ, ಅಂದರೆ ಹಿಡಿ ಮಣ್ಣು ಉಂಡೆಯಾಗಿಯೂ ಕೈಗೆ ಅಂಟದಿರುವಾಗ, ಅರ್ಧ ಅಡಿ ಆಳಕ್ಕೆ ಸಡಿಲಿಸಿ ರಸ್ತೆಯ ಗಟಾರದ ಕಡೆಗೆ 10 ಅಡಿಗೆ ಎರಡೂವರೆ ಇಂಚಿನಂತೆ ಇಳಿಜಾರು ಕೊಟ್ಟರು. ಹಸಿ ಇರುವಾಗ ತುಳಿದರೆ ಆ ನೆಲ ಹೆಂಚಿನಂತೆ ಗಟ್ಟಿಯಾಗುತ್ತದೆ. ಅಂಚಿಗೆ ಕರಿಕಲ್ಲಿನ ಸಾಲು, ಸಿಮೆಂಟ್ ಇಲ್ಲದೆ, ಸಂದಿನಿಂದ ನೀರು ಹೊರಬರುವಂತೆ.

ಮಡಿಗೆ ಬೇಕಾದ ಮಣ್ಣು 72 ಘನ ಅಡಿ. ಕುಸಿತಕ್ಕೆ ಶೇಕಡಾ 15 ಸೇರಿಸಿ 83. ಬೆರಕೆ ಹತ್ತರಲ್ಲಿ ಐದು ಪಾಲು ಮಸಾರಿ, ಮೂರು ಪಾಲು ಜರಡಿ ಹಿಡಿದ ಗರಸು, ಎರಡು ಪಾಲು ಪೂರ್ತಿ ಕಳಿತ ತಿಪ್ಪೆ ಗೊಬ್ಬರ: ಕ್ರಮವಾಗಿ 42, 25, 16 ಘನ ಅಡಿ. ಒಟ್ಟು ಮುಕ್ಕಾಲು ಬ್ರಾಸಿಗೆ (ಒಂದು ಬ್ರಾಸ್ ಅಂದರೆ 100 ಘನ ಅಡಿ) ತುಸು ಹೆಚ್ಚು. ಗರಸು ತರಿಸುವಾಗ ವಿನೆಗರ್ ಹನಿಸಿ ನೋಡಿಯೇ ಇಳಿಸಿಕೊಳ್ಳಬೇಕು. ಬಿಳಿ ಹರಳು ಬೆರೆತ ಸುಣ್ಣದ ಗರಸು ಬಂದರೆ ಮಡಿ ಏರಿಸಿದ ಅರ್ಧ ಲಾಭ ಹೋಯಿತು. ಗೊಬ್ಬರ ಎರಡು ಪಾಲು ಮೀರಬಾರದು. ಹಿಂದಿನ ಸಲದ ಅರ್ಧಕ್ಕರ್ಧ ಗೊಬ್ಬರ ಕೊಳೆಯುತ್ತ ಕುಸಿದು, ಗಿಡದ ಕುತ್ತಿಗೆಯನ್ನು ನೆಲದ ಮಟ್ಟಕ್ಕಿಂತ ಮೂರು ಇಂಚು ಕೆಳಗೆ ಇಳಿಸಿತ್ತು. ಜೂನಿಪರ್‌ಗಳಿಗೆ ತಲಾ 5 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ದಿಬ್ಬ. ಸೈಪ್ರಸ್‌ಗೆ 8 ಅಡಿ ಅಗಲದ್ದು. ಉತ್ತರ ತುದಿಯ ಬದುಕಿದ ಥೂಜಾವನ್ನು ಅಲುಗಾಡಿಸಲಿಲ್ಲ.

ನೆಟ್ಟದ್ದು ಜುಲೈ ಮೊದಲ ವಾರ. ಆಗ ನೆಟ್ಟರೆ ಸೆಪ್ಟೆಂಬರಿನ ಜಡಿಮಳೆಗೆ ಮೊದಲು ಬೇರು ಹೊಸ ಮಣ್ಣಿಗೆ ಇಳಿಯಲು ಎರಡು ತಿಂಗಳು ಸಿಗುತ್ತದೆ. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂನವು, ಗೋದಾವರಿ ತೀರದ ಜಿಗುಟು ಮಣ್ಣಿನ ಉಂಡೆಯೊಂದಿಗೆ. ಆ ಉಂಡೆ ಒಮ್ಮೆ ಒಣಗಿದರೆ ಸುತ್ತ ನೀರಿದ್ದರೂ ಒಳಗೆ ಹೀರುವುದಿಲ್ಲ. ಚೀಲ ಸೀಳಿ, ಉಂಡೆಯ ಹೊರಗಿನ ಒಂದು ಇಂಚು ಮಣ್ಣನ್ನು ಬಕೆಟ್ ನೀರಿನಲ್ಲಿ ಮೆಲ್ಲನೆ ತೊಳೆದು, ಸುತ್ತು ಹಾಕಿದ ಬೇರನ್ನು ಮೇಲಿನಿಂದ ಕೆಳಕ್ಕೆ ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಸೀಳಿ ನೆಟ್ಟರು. ಪೂರ್ತಿ ಮಣ್ಣು ತೊಳೆಯಬಾರದು, ಕೋನಿಫರ್ ಬರಿಬೇರು ತಾಳುವುದಿಲ್ಲ. ಬೇರು ಕಾಂಡ ಕೂಡುವ ಕುತ್ತಿಗೆ ಮಡಿಯ ಮಟ್ಟಕ್ಕಿಂತ ಒಂದು ಇಂಚು ಮೇಲೆ. ಥೂಜಾಗಳ ನಡುವೆ 4 ಅಡಿ, ಎರಡೂ ತುದಿಯಿಂದ 2 ಅಡಿ. ನೆಟ್ಟ ಕೂಡಲೇ ಗಿಡಕ್ಕೆ 10 ಲೀಟರ್ ನೀರು.

ಮುಂದಿನ ನೀರಿಗೆ ಹನಿ ವ್ಯವಸ್ಥೆ: ಗಿಡಕ್ಕೆ ತಾಸಿಗೆ 4 ಲೀಟರಿನ ಎರಡು ಡ್ರಿಪ್ಪರ್, ಕಾಂಡದಿಂದ ಒಂದಡಿ ದೂರ. ಮೊದಲ ಎರಡು ವಾರ ದಿನ ಬಿಟ್ಟು ದಿನ ಅರ್ಧ ತಾಸು, ಆಮೇಲೆ ವಾರಕ್ಕೆ ಎರಡು ಸಲ, ಮಾರ್ಚ್‌ನಿಂದ ಮೇವರೆಗೆ ವಾರಕ್ಕೆ ಮೂರು ಸಲ ಒಂದು ತಾಸು. ಮಳೆ ಹಿಡಿದರೆ ಪೂರ್ತಿ ಬಂದ್. ಕಡ್ಡಿಯೊಂದನ್ನು ನಾಲ್ಕು ಇಂಚು ಚುಚ್ಚಿ ತೆಗೆದಾಗ ಮಣ್ಣು ಅಂಟಿ ಬಂದರೆ ಆ ದಿನ ನೀರು ಬೇಡ. ವೇಳಾಪಟ್ಟಿಗಿಂತ ಈ ಕಡ್ಡಿ ನಂಬಿಗಸ್ತ. ಕೊಳವೆಬಾವಿಯ ಉಪ್ಪು ಬೇರಿನ ಸುತ್ತ ಕೂಡದಂತೆ ತಿಂಗಳಿಗೊಮ್ಮೆ ಗಿಡಕ್ಕೆ 25 ಲೀಟರ್ ಮಳೆನೀರು ಅಥವಾ ನಗರಕ್ಕೆ ಬರುವ ಕೃಷ್ಣೆಯ ನೀರು. 900 ಚದರ ಅಡಿಯ ಮಾಳಿಗೆಯಿಂದ ವರ್ಷಕ್ಕೆ 36,000 ಲೀಟರ್ ಆಸುಪಾಸು ಹಿಡಿಯಬಹುದು, ಒಂದು ಸಾವಿರ ಲೀಟರಿನ ತೊಟ್ಟಿಯೂ ಈ ಕೆಲಸಕ್ಕೆ ಹಲವು ತಿಂಗಳು ಬರುತ್ತದೆ. ಕೊಳವೆಬಾವಿ ನೀರನ್ನು ಎಲೆಯ ಮೇಲೆ ಚಿಮುಕಿಸುವ ರೂಢಿ ಬಿಡಬೇಕು, ಬಿಳಿ ಉಪ್ಪು ಎಲೆಗೆ ಕೂರುತ್ತದೆ.

ಹೊದಿಕೆಗೆ ಕಬ್ಬಿನ ರವದಿ ಸುಲಭವಾಗಿ ಸಿಗುತ್ತದೆ. ಹಸಿ ರವದಿ ಹಾಸಿದರೆ ಗೆದ್ದಲು ಖಂಡಿತ. ಅರ್ಧ ಕಳಿತದ್ದನ್ನು ಎರಡು ಇಂಚು ದಪ್ಪಕ್ಕೆ, ಕಾಂಡದಿಂದ ನಾಲ್ಕು ಇಂಚು ಬಿಟ್ಟು ಹಾಸಿ, ಅಡಿಯಲ್ಲಿ ಗಿಡಕ್ಕೆ 200 ಗ್ರಾಂ ಬೇವಿನ ಹಿಂಡಿ ಉದುರಿಸಿದರು. ವರ್ಷಕ್ಕೊಮ್ಮೆ ಜೂನ್‌ನಲ್ಲಿ ಇಷ್ಟು ಹಿಂಡಿ, 2 ಕಿಲೊ ಕಾಂಪೋಸ್ಟ್ ಸಾಕು. ಯೂರಿಯಾ ಕೊಟ್ಟರೆ ಎಳಸು ಚಿಗುರು ಬಂದು ನುಸಿಗೆ ಊಟವಾಗುತ್ತದೆ.

ಎರಡು ಮಳೆಗಾಲದಲ್ಲಿ ಕಂಡದ್ದು

ಮೊದಲು ತೊಂದರೆ ಕೊಟ್ಟದ್ದು ಸೈಪ್ರಸ್. ಜುಲೈನ ನೈರುತ್ಯ ಗಾಳಿಗೆ ಅದು ಬುಡದಿಂದ ಅಲುಗಾಡಿ ಈಶಾನ್ಯಕ್ಕೆ ವಾಲಿತು. ಕಾಂಡಕ್ಕೆ ಒತ್ತಿ ಕಟ್ಟಿದ ಒಂದೇ ಕೋಲು ಸಾಲದಾಗಿತ್ತು. ದಿಬ್ಬದ ಹೊರಗೆ ಎರಡು ಗೂಟ ಹುಗಿದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಂಟರಾಕಾರದಲ್ಲಿ, ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ ಸಡಿಲವಾಗಿ ಕಟ್ಟಿದ ಮೇಲೆ ನಿಂತಿತು. ತುಸು ಅಲುಗಾಡಲು ಬಿಟ್ಟರೆ ಕಾಂಡ ಬಲಿಯುತ್ತದೆ. ಒಂದು ವರ್ಷದ ಮೇಲೆ ಗೂಟ ತೆಗೆದರು. ಮೊದಲ ಬೇಸಿಗೆಯಲ್ಲಿ ಅದರ ಪಶ್ಚಿಮಕ್ಕೆ ಶೇಕಡಾ 50ರ ನೆರಳು ಬಲೆಯನ್ನು ಪರದೆಯಂತೆ ನೇರವಾಗಿ ಕಟ್ಟಿದ್ದರು. ಮುಂದಿನ ಅಂಗಳದ ಗಿಡಗಳಿಗೆ ಅದು ಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಅಂಗಳದ ಎರೆ ಭಾಗದಲ್ಲಿ ನೀರು ನಿಂತಿತು, ಮಡಿಯಲ್ಲಿ ನಿಲ್ಲಲಿಲ್ಲ. ನಿಜವಾದ ಪರೀಕ್ಷೆ ಫೆಬ್ರುವರಿ. ಒಂದೂ ಗಿಡ ಬೂದಾಗಲಿಲ್ಲ.

ಮಾರ್ಚ್‌ನಲ್ಲಿ ನಡುವಿನ ಥೂಜಾ ಮಂಕಾಯಿತು. ಬಿಳಿ ಹಾಳೆಯ ಮೇಲೆ ಕೊಂಬೆ ತಟ್ಟಿದಾಗ ಸೂಜಿಮೊನೆಯಷ್ಟು ಚುಕ್ಕಿಗಳು ಹರಿದಾಡಿದವು. ಹಾಳೆಯನ್ನು ಒರೆಸಿದರೆ ಕೆಂಪು ಗೆರೆ. ಬೆಳಿಗ್ಗೆ ಹೊತ್ತು ಪೈಪಿನಿಂದ ನದಿ ನೀರನ್ನು ಪೊದೆಯ ಒಳಗೆ, ಕೆಳಗಿನಿಂದ ಮೇಲಕ್ಕೆ ಜೋರಾಗಿ ಹೊಡೆದು, ಐದು ದಿನಕ್ಕೊಮ್ಮೆ ಮೂರು ಸಲ ಮಾಡಿದ್ದರಿಂದ ಇಳಿಯಿತು. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸುವುದುಂಟು, ಆದರೆ ಅದು ಫೆಬ್ರುವರಿ ಮೊದಲ ವಾರಗಳಿಗೆ ಮಾತ್ರ. ಬಿಸಿ 32 ಡಿಗ್ರಿ ದಾಟಿದ ಮೇಲೆ ಗಂಧಕ ಎಲೆಯನ್ನೇ ಸುಡುತ್ತದೆ, ಮಾರ್ಚ್‌ನ ವಿಜಯಪುರದಲ್ಲಿ ಆ ಮಾತೇ ಬೇಡ. ನುಸಿ ಹೀರಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ಬಂದು ಮುಚ್ಚುವವರೆಗೆ ಕಾಯಬೇಕು, ಕತ್ತರಿಸಲು ಹೋಗಬಾರದು.

ಎರಡನೇ ವರ್ಷ ಬಲಗಡೆಯ ಜೂನಿಪರಿನ ಹೊಸ ಚಿಗುರು ಮಾತ್ರ ಹಳದಿ, ಹಳೆ ಎಲೆ ಹಸಿರು. ಇದು ಕಬ್ಬಿಣದ ಕೊರತೆ. ಸಾರಜನಕದ್ದಾದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಇ.ಡಿ.ಟಿ.ಎ. ಎಂಬ ರಾಸಾಯನಿಕ ಹಿಡಿದಿಟ್ಟ ಕಬ್ಬಿಣ. ಈ ಸುಣ್ಣದ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ, ರಸಸಾರ 6.5ರ ಮೇಲೆ ಹಿಡಿತ ಬಿಡುತ್ತದೆ. ಇ.ಡಿ.ಡಿ.ಎಚ್.ಎ. ಎಂದು ಬರೆದದ್ದೇ ಬೇಕು: 5 ಗ್ರಾಂ ಎರಡು ಲೀಟರ್ ನೀರಿಗೆ ಬೆರೆಸಿ ಬುಡದ ಸುತ್ತ ಸುರಿದು, ಮೇಲೆ ರವದಿ ಮುಚ್ಚಬೇಕು, ಬಿಸಿಲು ಬಿದ್ದರೆ ಶಕ್ತಿ ಕುಂದುತ್ತದೆ. ಒಂದೂವರೆ ತಿಂಗಳಲ್ಲಿ ಚಿಗುರು ಹಸಿರಾಯಿತು. ಅದು ಸಿಗದಿದ್ದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿಯುವುದು ದುಡ್ಡು ಹಾಳು.

ಕತ್ತರಿ ಹಾಕುವುದು ಮಳೆ ಹಿಡಿದ ಮೇಲೆ ಜುಲೈನಲ್ಲಿ, ಹಸಿರು ತುದಿಯನ್ನು ಮಾತ್ರ, ಒಂದೆರಡು ಇಂಚು. ಮಾಲಿ ಬದಲಾದರೆ ಮೊದಲು ಹೇಳಬೇಕಾದ ಮಾತು ಇದು, ಯಾಕೆಂದರೆ ದುರಾಂತಾ ಬೇಲಿಯಂತೆ ಬೋಳು ಮಾಡಿದ ಥೂಜಾ ಮತ್ತೆ ಬರುವುದಿಲ್ಲ.

ಕುಂಡದ ಅರಾಕೇರಿಯಾ ಈಗ ಆರು ಅಡಿ. ಅದನ್ನು ವರಾಂಡದ ನೆರಳಿನಿಂದ ಬಿಸಿಲಿಗೆ ಒಮ್ಮೆಲೇ ತರದೆ ಹದಿನೈದು ದಿನ ಹಂತ ಹಂತವಾಗಿ ಸರಿಸಿದ್ದರಿಂದ ಎಲೆ ಸುಡಲಿಲ್ಲ. ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾರೆ. ಇಲ್ಲದಿದ್ದರೆ ಬೆಳಕಿನ ಕಡೆಯ ಕೊಂಬೆಗಳು ಮಾತ್ರ ಉದ್ದವಾಗುತ್ತವೆ. ಕೆಳಗಿನ ಒಂದು ಸುತ್ತಿನ ಕೊಂಬೆ ಒಮ್ಮೆ ಕುಂಡ ಒಣಗಿದಾಗ ಹೋಯಿತು, ಅದು ಮತ್ತೆ ಬರುವಂಥದ್ದಲ್ಲ. ಎರಡು ವರ್ಷಕ್ಕೊಮ್ಮೆ ಜೂನ್‌ನಲ್ಲಿ ಹೊರಗಿನ ಎರಡು ಇಂಚು ಬೇರು, ಮಣ್ಣು ತೆಗೆದು ಹೊಸ ಬೆರಕೆ ತುಂಬಬೇಕು. ಹತ್ತು ಅಡಿ ಮುಟ್ಟಿದಾಗ ಕುಂಡ ಸಾಲದು. ಆಗ ಅದನ್ನು ದೊಡ್ಡ ಅಂಗಳವಿರುವ ಶಾಲೆಯೊಂದಕ್ಕೆ ಕೊಡುವುದೆಂದು ಮನೆಯವರು ಒಪ್ಪಿದ್ದಾರೆ: ಕಟ್ಟಡದಿಂದ 25 ಅಡಿ ದೂರ, ತಂತಿ ಇಲ್ಲದ ಕಡೆ, ದಕ್ಷಿಣಕ್ಕೆ ವಾಲಲು ಜಾಗ ಬಿಟ್ಟು, 10 ಅಡಿ ಅಗಲದ ಗರಸಿನ ದಿಬ್ಬದ ಮೇಲೆ, ಜುಲೈ ಮೊದಲ ವಾರ.